ಒಬ್ಬರೇ ಆಡೋರಿಗೆ ಹೇಳಿದ ಮಾತು ಕೇಳುವ ಸಿಪಾಯಿ ಬೇಡ

"ಒಬ್ಬನೇ ಆಡೋದು ತಾನೆ? ಹಾಗಾದ್ರೆ ಯಾವ ನಿಯಮ ಆದ್ರೇನು? ಎರಡೂ ಕಡೆ ನೀನೇ ಪ್ರಾಮಾಣಿಕವಾಗಿ ಆಡು, ಮುಗೀತು."

ಪುಟಾಣಿ ಸಿಪಾಯಿಗಳನ್ನ ಮೇಜಿನ ಮೇಲೆ ನಿಲ್ಲಿಸಿ ಯುದ್ಧದಾಟ ಆಡುವವರಿಂದ ಈ ಬುದ್ಧಿಮಾತು ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಹೇಳೋರು ಒಳ್ಳೇ ಮನಸ್ಸಿಂದಲೇ ಹೇಳ್ತಾರೆ. ಆದ್ರೂ ಇದು ತಪ್ಪು ಸಲಹೆ. ಇದನ್ನ ನಂಬಿದೋರು ನಾಲ್ಕು ಆಟ ಆಡಿ, ಬೇಜಾರಾಗಿ, ಗೊಂಬೆಗಳನ್ನ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಏರಿಸ್ತಾರೆ. ನಾನೂ ಏರಿಸಿದ್ದೆ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಹೇಳ್ತಿರೋದು ದೊಡ್ಡ ಸೈನ್ಯದ ಆಟ ಅಲ್ಲ, ಇಂಗ್ಲಿಷಿನಲ್ಲಿ ಸ್ಕರ್ಮಿಶ್ ಅಂತಾರಲ್ಲ, ಆ ಚಕಮಕಿಯ ಆಟ. ಒಂದು ಗೊಂಬೆ ಅಂದ್ರೆ ಒಬ್ಬ ಮನುಷ್ಯ. ಒಂದೊಂದು ಕಡೆ ಐದಾರರಿಂದ ಹದಿನೈದು ಗೊಂಬೆ. ಮೂರಡಿ ಚೌಕದ ಮೇಜು, ಅಳತೆ ಟೇಪು, ಒಂದಷ್ಟು ದಾಳ, ಗೋಡೆ ಮರ ಅಂತ ತೋರಿಸೋಕೆ ರಟ್ಟು. ಮಣೆಯ ಮೇಲೆ ಮನೆಗಳಿರೋಲ್ಲ, ಇಂಚು ಅಳೆದು ನಡೆಸೋದು. ಗೊಂಬೆ ಒಬ್ಬರದು, ನಿಯಮದ ಪುಸ್ತಕ ಇನ್ನೊಬ್ಬರದು ಆದ್ರೂ ನಡೆಯುತ್ತೆ. ಅದಕ್ಕೇ "ಯಾವ ನಿಯಮ ಆರಿಸಲಿ?" ಅನ್ನೋ ಪ್ರಶ್ನೆ ಮೊದಲು ಬರೋದು.

ಒಬ್ಬರೇ ಆಡೋದು ಜೊತೆಗಾರ ಸಿಗದವರ ಗತಿ, 2020ರ ಲಾಕ್‌ಡೌನಿನಲ್ಲಿ ಹುಟ್ಟಿದ ಖಯಾಲಿ ಅಂತ ಅಂದ್ಕೊಂಡಿರೋರೂ ಇದಾರೆ. ಎಚ್. ಜಿ. ವೆಲ್ಸ್ ತಮ್ಮ 'ಲಿಟಲ್ ವಾರ್ಸ್' ಪುಸ್ತಕದಲ್ಲಿ ಈ ಹವ್ಯಾಸಕ್ಕೆ ನಿಯಮ ಬರೆದಿದ್ದು 1913ರಲ್ಲಿ. ಬ್ರಿಟನ್ನಿನಲ್ಲಿ ಈ ಹವ್ಯಾಸವನ್ನ ಬೆಳೆಸಿದ ಡೊನಾಲ್ಡ್ ಫೆದರ್‌ಸ್ಟೋನ್ 1973ರಲ್ಲೇ ಒಬ್ಬರೇ ಆಡುವ ಬಗ್ಗೆ ಒಂದಿಡೀ ಪುಸ್ತಕ ತಂದ್ರು. ಅಂದ್ರೆ ಐವತ್ತು ವರ್ಷಕ್ಕೂ ಹಳೆಯ ಪ್ರಶ್ನೆ ಇದು. ಅದಕ್ಕೆ "ಎರಡೂ ಕಡೆ ನೀನೇ ಆಡು" ಅಂತ ಉತ್ತರ ಕೊಡೋದು ಅಡುಗೆ ಬಾರದವನಿಗೆ "ಬೇಯಿಸ್ಕೊಂಡು ತಿನ್ನು" ಅಂದ ಹಾಗೆ.

ನನ್ನದೇ ಒಂದು ಉದಾಹರಣೆ ಕೊಡ್ತೀನಿ. ಮೊದಮೊದಲು ನಾನೂ ಎರಡೂ ಕಡೆ ಆಡಿದೆ. ಪಾಳು ಗೋಡೆಯ ಹಿಂದೆ ಎದುರಾಳಿಯ ಬಿಲ್ಲುಗಾರ ಅಡಗಿದ್ದ. ಅಡಗಿಸಿದೋನು ನಾನೇ. ನನ್ನ ಪಾಳಿ ಬಂದಾಗ ನನ್ನ ನಾಯಕ "ಯಾಕೋ" ಆ ಕಡೆ ಹೋಗ್ಲೇ ಇಲ್ಲ! ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಆದ್ರೆ ಗೊತ್ತಿರೋದನ್ನ ಗೊತ್ತಿಲ್ಲ ಅಂತ ಮಾಡೋಕೆ ತಲೆ ಒಪ್ಪೋಲ್ಲ. ಮಾರನೇ ಸಲ ನ್ಯಾಯವಾಗಿರೋಣ ಅಂತ ಬೇಕಂತಲೇ ಗೋಡೆ ಕಡೆಗೆ ಕಳಿಸಿದೆ, ಸತ್ತ. ಅದೂ ಆಟ ಅಲ್ಲ, ಪ್ರಾಯಶ್ಚಿತ್ತ. ಗೆಲುವೂ ನಾನು ಕೊಟ್ಟಿದ್ದು, ಸೋಲೂ ನಾನು ಕೊಟ್ಟಿದ್ದು. ಇದನ್ನ ಎರಡು ಗಂಟೆ ಯಾಕೆ ಆಡ್ಬೇಕು ಹೇಳಿ?

ಇಲ್ಲಿಗೆ ಎರಡನೇ ಗುಂಪಿನವರು ಬರ್ತಾರೆ. "ಅದಕ್ಕೇ ಸೋಲೋ ನಿಯಮ ಇರೋ ಪುಸ್ತಕ ತಗೋಬೇಕು, ಎದುರಾಳಿಯನ್ನ ಪುಸ್ತಕವೇ ಆಡಿಸುತ್ತೆ." ಶತ್ರು ಹತ್ತಿರ ಇದ್ರೆ ಹೊಡಿ, ಕಂಡ್ರೆ ಬಾಣ ಬಿಡು, ಕಾಣದಿದ್ರೆ ಮುಂದೆ ನಡಿ... ಹೀಗೆ ಒಂದು ಪಟ್ಟಿ. ಪಟ್ಟಿ ಉದ್ದ ಆದಷ್ಟೂ ಆಟ ಒಳ್ಳೇದು ಅನ್ನೋದು ಇವರ ನಂಬಿಕೆ.

ನನ್ನ ತಕರಾರು ಮುಖ್ಯವಾಗಿ ಇವರ ಜೊತೆಗೇ. ಎದುರಾಳಿಗೆ ಬುದ್ಧಿ ಇಲ್ಲದಿರೋದು ನಮ್ಮ ಸಮಸ್ಯೆ ಅಲ್ಲವೇ ಅಲ್ಲ. ನಮ್ಮ ಕಡೆಯವರು ನಾವು ಹೇಳಿದ್ದನ್ನೆಲ್ಲ ಮಾಡಿಬಿಡ್ತಾರಲ್ಲ, ಅದು ಸಮಸ್ಯೆ. ಎದುರಿಗೆ ಮನುಷ್ಯ ಕೂತಿದ್ರೆ ನಮ್ಮ ಲೆಕ್ಕಾಚಾರವನ್ನ ಅವನು ಕೆಡಿಸ್ತಾನೆ. ಅವನಿಲ್ಲದಾಗ ಆ ಕೆಲಸವನ್ನ ನಿಯಮ ಮಾಡ್ಬೇಕು. ಹಾಗಾಗಿ ಪುಸ್ತಕದ ಕೊನೆಯ ಸೋಲೋ ಅಧ್ಯಾಯ ಓದಿ ತೀರ್ಮಾನ ಮಾಡ್ಬೇಡಿ. ಯಾರು ಯಾವಾಗ ನಡೀಬಹುದು ಅಂತ ಹೇಳುವ ಅಧ್ಯಾಯ ಓದಿ.

ಆಂಡ್ರಿಯಾ ಸ್ಫಿಲಿಗೋಯಿ ಬರೆದ 'ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್' (2007) ನೋಡಿ. ಮೂಲ ಇಬ್ಬರ ಆಟ. ಒಬ್ಬೊಬ್ಬ ಸಿಪಾಯಿಗೂ ಒಂದು ಗುಣದ ಅಂಕಿ ಇರುತ್ತೆ. ಅವನನ್ನ ನಡೆಸೋಕೆ ಒಂದು, ಎರಡು ಅಥವಾ ಮೂರು ದಾಳ ಹಾಕಬಹುದು, ಎಷ್ಟು ಅನ್ನೋದು ನಮ್ಮ ಇಷ್ಟ. ಗುಣದ ಅಂಕಿ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ಒಂದೊಂದು ದಾಳಕ್ಕೂ ಒಂದೊಂದು ಕೆಲಸ. ಆದ್ರೆ ಎರಡು ದಾಳ ಸೋತ್ರೆ, ಗೆದ್ದ ದಾಳದ ಕೆಲಸ ಮುಗಿಸಿ ಪಾಳಿ ಎದುರಾಳಿಗೆ ಕೊಡಬೇಕು. ಉಳಿದವರು ನಿಂತಲ್ಲೇ ನಿಂತಿರ್ತಾರೆ!

ಲೆಕ್ಕ ಹಾಕಿ ನೋಡಿ. ಗುಣ 4 ಇರೋ ಸಾಧಾರಣ ಸಿಪಾಯಿಗೆ ಮೂರು ದಾಳ ಹಾಕಿದ್ರೆ ಪಾಳಿ ಕೈತಪ್ಪುವ ಸಾಧ್ಯತೆ ಶೇ. 50. ಎರಡು ಹಾಕಿದ್ರೆ ಶೇ. 25. ಒಂದೇ ಹಾಕಿದ್ರೆ ತಪ್ಪೋದೇ ಇಲ್ಲ, ಆದ್ರೆ ಸಿಗೋದು ಹೆಚ್ಚಂದ್ರೆ ಒಂದೇ ಕೆಲಸ. ಗುಣ 3 ಇರೋ ಪಳಗಿದವನಿಗೆ ಮೂರು ದಾಳಕ್ಕೂ ಶೇ. 26 ಮಾತ್ರ ಅಪಾಯ. ಈ ಒಂದು ನಿಯಮ ಇದ್ರೆ ಎದುರಾಳಿಗೆ "ಹತ್ತಿರದವನ ಕಡೆ ನುಗ್ಗು, ಯಾವಾಗಲೂ ಎರಡು ದಾಳ ಹಾಕು" ಅನ್ನೋದಕ್ಕಿಂತ ಹೆಚ್ಚಿನ ಬುದ್ಧಿ ಬೇಕಿಲ್ಲ. ನಾನು ಹಾಗೇ ಆಡ್ತೀನಿ. ಸೋಲ್ತಾನೂ ಇರ್ತೀನಿ :-)

"ನಮ್ಮ ಸಿಪಾಯಿಯೇ ಮಾತು ಕೇಳದಿದ್ರೆ ಅದು ಹಾವು ಏಣಿ ಆಟ ಆಯ್ತಲ್ಲ, ಚಾತುರ್ಯ ಎಲ್ಲಿ ಬಂತು?" ಅಂತ ಕೇಳ್ತೀರಿ. ಹಾವು ಏಣಿಯಲ್ಲಿ ನೀವು ತೀರ್ಮಾನಿಸೋದು ಏನೂ ಇಲ್ಲ. ಇಲ್ಲಿ ಯಾರನ್ನ ಮೊದಲು ನಡೆಸಬೇಕು, ಎಷ್ಟು ದಾಳದ ಅಪಾಯ ತಗೋಬೇಕು ಅನ್ನೋದು ಪೂರ್ತಿ ನಿಮ್ಮದು. ಹೆದರಿ ಒಂದೊಂದೇ ದಾಳ ಹಾಕ್ತಾ ಕೂತ್ರೆ ಶತ್ರು ಮೈಮೇಲೆ ಬಂದಿರ್ತಾನೆ. ಅಪಾಯ ನಿಮ್ಮದು, ಫಲ ದಾಳದ್ದು. ಇಲ್ಲಿ ಮೋಸ ಮಾಡೋಕೆ ಜಾಗವೇ ಕಡಿಮೆ.

ಒಬ್ಬರೇ ಆಡೋಕೆ ಅಂತಲೇ ಬರೆದ ಪುಸ್ತಕಗಳಲ್ಲೂ ಇದೇ ಕಾಣುತ್ತೆ. ಜೋಸೆಫ್ ಮೆಕಲೊ ಅವರ 'ರೇಂಜರ್ಸ್ ಆಫ್ ಶ್ಯಾಡೋ ಡೀಪ್' (2018) ತಗೊಳ್ಳಿ. ಅದರ ದೆವ್ವ ಭೂತಗಳಿಗೆ ಹೆಚ್ಚೇನೂ ಬುದ್ಧಿ ಇಲ್ಲ, ಹತ್ತಿರದವರ ಮೇಲೆ ಬೀಳ್ತವೆ ಅಷ್ಟೆ. ಆಟವನ್ನ ಕಾಪಾಡೋದು ಪ್ರತಿ ಸುತ್ತಿನ ಕೊನೆಗೆ ಎಳೆಯುವ ಇಸ್ಪೀಟು ಎಲೆ. ಯಾವ ಎಲೆಗೆ ಯಾವ ಆಪತ್ತು ಅಂತ ಆಯಾ ಕಥೆಯಲ್ಲೇ ಬರೆದಿರುತ್ತೆ. ಇವಾನ್ ಸೊರೆನ್ಸನ್ ಅವರ 'ಫೈವ್ ಪಾರ್ಸೆಕ್ಸ್ ಫ್ರಮ್ ಹೋಮ್' ಪುಸ್ತಕದಲ್ಲಿ (ಮೂರನೇ ಆವೃತ್ತಿ, 2021) ಎಲ್ಲರೂ ಹೊಗಳೋದು ಕಥೆ ಕಟ್ಟುವ ಕೋಷ್ಟಕಗಳನ್ನ. ನಾನು ಹೊಗಳೋದು ಒಂದು ಪುಟ್ಟ ನಿಯಮವನ್ನ: ಸುತ್ತಿನ ಶುರುವಿನಲ್ಲಿ ತಂಡದಲ್ಲಿ ಎಷ್ಟು ಜನವೋ ಅಷ್ಟು ದಾಳ ಉರುಳಿಸಿ ಒಬ್ಬೊಬ್ಬರಿಗೆ ಒಂದೊಂದು ಹಂಚಬೇಕು. ದಾಳ ಅವರವರ ಚುರುಕಿನ ಅಂಕಿಯೊಳಗೆ ಇದ್ರೆ ಶತ್ರುವಿಗಿಂತ ಮೊದಲು ನಡೀತಾರೆ, ಇಲ್ಲದಿದ್ರೆ ಶತ್ರು ನಡೆದ ಮೇಲೆ. ಹಂಚೋದು ನಮ್ಮ ಕೈಲಿ, ದಾಳ ನಮ್ಮ ಕೈಲಿಲ್ಲ.

ಈ ದಾರೀಲಿ ಅತಿಗೆ ಹೋದವರೂ ಇದಾರೆ, ಒಪ್ಕೋತೀನಿ. ಎಡ್ ಟೆಕ್ಸೇರಾ ಅವರ 'ಚೈನ್ ರಿಯಾಕ್ಷನ್' ಆಟದಲ್ಲಿ ಗುಂಡು ಬಂದಾಗ, ಶತ್ರು ಕಂಡಾಗ ನಮ್ಮವರು ಏನು ಮಾಡ್ತಾರೆ ಅನ್ನೋದನ್ನೂ ದಾಳವೇ ಹೇಳುತ್ತೆ. ಬಗ್ಗಿ ಕೂತ್ರೆ ಕೂತ್ರು, ಓಡಿದ್ರೆ ಓಡಿದ್ರು. "ಸಿನಿಮಾ ನೋಡಿದ ಹಾಗಿದೆ, ನನಗೇನು ಕೆಲಸ?" ಅಂತ ದೂರೋರು ಹೇಳೋದು ಸುಳ್ಳಲ್ಲ. ಆದ್ರೂ ಹೇಳಿದ್ದಕ್ಕೆಲ್ಲ "ಹೂಂ" ಅನ್ನೋ ಸಿಪಾಯಿಗಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ನನ್ನ ಲೆಕ್ಕ ಕೆಟ್ಟಾಗ ತಾನೆ ನಾನು ಯೋಚನೆ ಮಾಡೋದು.

ಹಾಗಾಗಿ ಹೊಸ ಪುಸ್ತಕಕ್ಕೆ ದುಡ್ಡು ಸುರಿಯೋ ಮುಂಚೆ ಮೂರು ಪ್ರಶ್ನೆ ಕೇಳಿ. ನನ್ನ ಕಡೆಯವನು ನನಗೆ ಕೈಕೊಡಬಹುದಾ? ನನ್ನ ಪಾಳಿ ಯಾವಾಗ ಮುಗಿಯುತ್ತೆ ಅಂತ ನನಗೆ ಮೊದಲೇ ಗೊತ್ತಿರುತ್ತಾ? ಎರಡೂ ಕಡೆಯವರಿಗೆ ಬೇಡವಾದದ್ದು ನಡುವೆ ಬಂದು ಬೀಳುತ್ತಾ? ಇದಕ್ಕೆಲ್ಲ ನಿರಾಸೆಯ ಉತ್ತರ ಬಂದ್ರೆ, ರಟ್ಟಿನ ಮೇಲೆ ಎಷ್ಟು ದಪ್ಪಕ್ಷರದಲ್ಲಿ ಸೋಲೋ ಅಂತ ಅಚ್ಚಾಗಿದ್ರೂ ಅದು ನಿಮಗಲ್ಲ.

ಈಗಾಗಲೇ ಒಂದು ಪುಸ್ತಕ ಮನೇಲಿ ಇದ್ಯಾ? ಅದನ್ನ ಎಸೀಬೇಡಿ. ಮನೆಯ ಇಸ್ಪೀಟು ಕಟ್ಟು ತಗೊಳ್ಳಿ. ನಿಮ್ಮ ಪ್ರತಿ ಗೊಂಬೆಗೆ ಒಂದು ಕೆಂಪು ಎಲೆ, ಎದುರಾಳಿಯ ಪ್ರತಿ ಗೊಂಬೆಗೆ ಒಂದು ಕಪ್ಪು ಎಲೆ, ಜೊತೆಗೆ ಒಂದು ಜೋಕರ್. ಕಲಸಿ ಒಂದೊಂದೇ ಎಳೀರಿ, ಬಂದ ಎಲೆಯವನು ನಡೀಲಿ. ಜೋಕರ್ ಬಂದ್ರೆ ಸುತ್ತು ಮುಗೀತು, ನಡೆಯದವರು ನಡೆಯಲಿಲ್ಲ. ಇದು ನನ್ನ ಕಂಡುಹಿಡಿತ ಏನಲ್ಲ. 'ಶಾರ್ಪ್ ಪ್ರಾಕ್ಟೀಸ್' ಅನ್ನೋ ಬ್ರಿಟಿಷ್ ಆಟದಲ್ಲಿ ಸುತ್ತು ಮುಗಿಸುವ ಎಲೆಯ ಹೆಸರೇ 'ಟಿಫಿನ್'! ಯುದ್ಧದ ನಡುವೆ ತಿಂಡಿಗೆ ಎದ್ದ ಹಾಗೆ.

ಇವತ್ತು ರಾತ್ರಿ ಊಟ ಆದ್ಮೇಲೆ ಹೀಗೆ ಒಂದು ಆಟ ಆಡಿ ನೋಡಿ. ಗೋಡೆ ಹಿಂದಿನ ಬಿಲ್ಲುಗಾರ ಎಲ್ಲಿದಾನೆ ಅಂತ ನಿಮಗೆ ಗೊತ್ತಿರುತ್ತೆ, ಆದ್ರೆ ಅವನ ಎಲೆ ಮೊದಲು ಬರುತ್ತೋ ನಿಮ್ಮದು ಮೊದಲು ಬರುತ್ತೋ ಗೊತ್ತಿರೋಲ್ಲ. ಎಲೆ ಮಗುಚುವಾಗ ಒಂದು ಕ್ಷಣ ಕೈ ತಡೆದ್ರೆ ನನ್ನ ವಾದ ಗೆದ್ದ ಹಾಗೆ.

ತಡೆಯಲಿಲ್ಲ ಅಂದ್ರೆ ಬಂದು ಜಗಳ ಆಡಿ. ಜಗಳಕ್ಕಾದ್ರೂ ಇಬ್ಬರು ಬೇಕಲ್ಲ :-)