ಟಿವಿಯೊಳಗಿನ ಸೇಟು

ತಮಿಳು ಸಿನಿಮಾ, ಧಾರಾವಾಹಿಗಳಲ್ಲಿ ಒಬ್ಬ ಸೇಟು ಬರುವುದನ್ನು ನೀವೂ ನೋಡಿರುತ್ತೀರಿ. ತಲೆಗೆ ಟೋಪಿ, ಮುಂದೆ ಗಿರವಿ ಅಂಗಡಿಯ ಮೇಜು, ಬಾಯಲ್ಲಿ 'ನಂಬಳ್, ನಿಂಬಳ್' ಎಂಬ ಮುರುಕು ತಮಿಳು. ನಾಯಕಿಯ ತಾಳಿ ಒತ್ತೆ ಬೀಳುವಾಗ ಬಂದು ಎರಡು ಮಾತಾಡಿ ಹೋಗುತ್ತಾನೆ. ಅವನಿಗೆ ಹೆಂಡತಿ ಮಕ್ಕಳಿದ್ದುದನ್ನು ನಾನಂತೂ ಕಂಡಿಲ್ಲ.

ಕೊಯಮತ್ತೂರಿನ ಆರ್.ಎಸ್. ಪುರಂ, ರಂಗೈ ಗೌಡರ್ ಬೀದಿಗಳಲ್ಲಿ ತಲೆಮಾರುಗಳಿಂದ ನೆಲೆಸಿದ ಮಾರವಾಡಿ, ಗುಜರಾತಿ ಜೈನ ಮನೆಗಳಿವೆ. ಅವರ ಮಕ್ಕಳು 'ಏನುಂಗ', 'ಸರಿಂಗ' ಎಂದು ಮರ್ಯಾದೆ ಬೆರೆಸಿ ಆಡುವ ಕೊಂಗು ತಮಿಳು ಚೆನ್ನೈಯವರಿಗೂ ಬಾರದು. ಆದರೂ ಶಾಲೆಯಲ್ಲಿ ಅಡ್ಡಹೆಸರು ಸೇಟು. ಮನೆಮಾತು ಕನ್ನಡವಾದ ನಮ್ಮ ಮೊಮ್ಮಗನಿಗೂ ಅದೇ; ಜೈನನೆಂದು ತಿಳಿದರೆ ಸಾಕು. ಟಿವಿಯಲ್ಲಿ ಯಾರೂ ಹೊತ್ತು ಮುಳುಗುವ ಮೊದಲು ಏಕೆ ಊಟ ಮಾಡುವುದಿಲ್ಲ ಎಂದು ಅವನು ಕೇಳುತ್ತಾನೆ. ಏನು ಹೇಳಲಿ? ನಾವು ಟಿವಿಗೆ ಬರುವುದು ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ. 2006ರಲ್ಲಿ ಬಂದೆವು, 2018ರಲ್ಲಿ ಬಂದೆವು. ನಡುವಿನ ವರ್ಷಗಳೆಲ್ಲ ಸೇಟುವಿನ ಪಾಲು.

'ನಾಲ್ಕು ಮನೆಯವರ ಕಥೆ ಯಾರು ನೋಡುತ್ತಾರೆ' ಎನ್ನುವವರಿದ್ದಾರೆ. ನಾನು ತಿರುಪ್ಪೂರಿನ ಬನಿಯನ್ ವ್ಯಾಪಾರದಲ್ಲಿ ತಲೆ ನರೆಸಿಕೊಂಡವನು. ಕಪಾಟಿನ ತುಂಬ 85, 90 ಸೈಜುಗಳನ್ನೇ ಪೇರಿಸಿಟ್ಟು '75 ಕೇಳುವವರೇ ಇಲ್ಲ' ಎನ್ನುವ ಅಂಗಡಿಯವರನ್ನು ಬೇಕಾದಷ್ಟು ಕಂಡಿದ್ದೇನೆ. ಒಮ್ಮೆ ಇಲ್ಲವೆನಿಸಿಕೊಂಡ ಗಿರಾಕಿ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ, ಅಷ್ಟೇ.

ಕರ್ನಾಟಕದಲ್ಲಿ ನಡೆದದ್ದನ್ನೇ ನೋಡಿ. ಡಬ್ಬಿಂಗ್ ಕೂಡದೆಂಬ ಚಿತ್ರರಂಗದವರ ಪಟ್ಟಿನಿಂದಾಗಿ 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೆ' ತಮಿಳು, ತೆಲುಗು, ಮಲಯಾಳಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. ಆ ಪಟ್ಟು ಸರಿಯಲ್ಲವೆಂದು ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪು ಕೊಟ್ಟಿತು. 2020ರ ಕೊರೋನಾದಲ್ಲಿ ಚಿತ್ರೀಕರಣ ನಿಂತು ಹೊಸ ಕಂತುಗಳಿಗೆ ಬರ ಬಂದಾಗ ಬಾಗಿಲು ಪೂರ್ತಿ ತೆರೆಯಿತು. ಆ ಜುಲೈಯಲ್ಲಿ ಜೀ ಕನ್ನಡ ವಾಹಿನಿ ಅಂಬೇಡ್ಕರರ ಜೀವನದ ಹಿಂದಿ ಧಾರಾವಾಹಿಯನ್ನು 'ಮಹಾನಾಯಕ' ಎಂಬ ಹೆಸರಲ್ಲಿ ಕನ್ನಡಕ್ಕೆ ತಂದಿತು. ಶಾಲೆಯಲ್ಲಿ ನೀರು ಮುಟ್ಟಗೊಡದ ಆ ಬಾಲಕನನ್ನು ನೋಡಿದ ಜನ ಹಳ್ಳಿಹಳ್ಳಿಗಳಲ್ಲಿ ತಾವೇ ಅದರ ಫ್ಲೆಕ್ಸ್ ಕಟ್ಟಿದರು. ನೋಡುಗರೇ ಧಾರಾವಾಹಿಗೆ ಜಾಹೀರಾತು ಹಾಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ! ನಿಲ್ಲಿಸಿರೆಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರರಿಗೆ ರಾತ್ರಿ ಬೆದರಿಕೆಯ ಕರೆಗಳೂ ಬಂದವು. ಧಾರಾವಾಹಿ ನಿಲ್ಲಲಿಲ್ಲ.

ಅವರ ಪಾಡಿಗೆ ನಮ್ಮದನ್ನು ಹೋಲಿಸತಕ್ಕದ್ದಲ್ಲ. ನಮಗೆ ಯಾರೂ ನೀರು ಇಲ್ಲವೆಂದಿಲ್ಲ. ಗಿರಾಕಿ ಇದ್ದೇ ಇದ್ದ ಎಂಬುದಕ್ಕಾಗಿ ಈ ಮಾತು ತೆಗೆದೆ.

ತೋರಿಸುವುದಾದರೆ ಧರ್ಮಿಷ್ಠರನ್ನೇ ತೋರಿಸಲಿ ಎಂದು ನಮ್ಮವರಲ್ಲಿ ಕೆಲವರ ವಾದ. ನನಗದು ಒಪ್ಪಿಗೆಯಿಲ್ಲ. ಅತ್ತೆ ಸೊಸೆಯರ ಜಗಳ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ನಮ್ಮಲ್ಲೂ ಉಂಟು. ಬೇಕಾದರೆ ಸೇಟು ಬಡ್ಡಿಯನ್ನೂ ನಾಲ್ಕು ಕಾಸು ಹೆಚ್ಚೇ ಹಾಕಲಿ. ಕೊಯಮತ್ತೂರಲ್ಲೇ ಹುಟ್ಟಿ ಬೆಳೆದವನು ತಮಿಳನ್ನು ಮಾತ್ರ ನೆಟ್ಟಗೆ ಆಡಲಿ, ಸಂಜೆಯಾಗುತ್ತಲೇ ಒಳಗಿನಿಂದ ಹೆಂಡತಿ ಅವನನ್ನು ಊಟಕ್ಕೆ ಕರೆಯಲಿ.