ಪರವಾನಗಿಯ ಪಿಸ್ತೂಲಿಗೆ ಗಟ್ಟಿ ಬೆಲ್ಟ್ ಏಕೆ ಬೇಕು?

2024ರ ಅಕ್ಟೋಬರ್ 1ರಂದು ಮುಂಬೈಯ ಮನೆಯಲ್ಲಿ ಚಿತ್ರನಟ ಗೋವಿಂದ ಅವರ ಕಾಲಿಗೆ ಅವರದೇ ರಿವಾಲ್ವರಿನ ಗುಂಡು ತಗಲಿತು. ಪರವಾನಗಿಯಿದ್ದ ಮಾತ್ರಕ್ಕೆ ಆಯುಧ ನಿರಪಾಯಕಾರಿಯಾಗದು. ಮನೆಯೊಳಗೇ ಹೀಗಾದರೆ ಬಸ್ಸು, ಸಂತೆ, ಜಾತ್ರೆಗಳಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

2016ರ ಶಸ್ತ್ರಾಸ್ತ್ರ ನಿಯಮಾವಳಿಯಂತೆ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರನ್ನು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿ ಅಥವಾ ಅಂಥ ಚೀಲದಲ್ಲಿ ಒಯ್ಯಬೇಕು. ಅದು ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಆದರೆ ಹೋಲ್‌ಸ್ಟರನ್ನು ಹೊರುವ ಬೆಲ್ಟಿನ ಬಗ್ಗೆ ನಿಯಮ ಏನನ್ನೂ ಹೇಳುವುದಿಲ್ಲ.

ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಹೊರತಂದ ಹಗುರ ರಿವಾಲ್ವರ್ ‘ನಿರ್ಭೀಕ್’ ಕೂಡ 500 ಗ್ರಾಂ ತೂಗುತ್ತದೆ. ತೆಳು ಬೆಲ್ಟ್ ಈ ಭಾರಕ್ಕೆ ಜೋಲುತ್ತದೆ, ಹೋಲ್‌ಸ್ಟರ್ ಹೊರಕ್ಕೆ ವಾಲುತ್ತದೆ. ಸರಿಪಡಿಸಲು ಕೈ ಮತ್ತೆ ಮತ್ತೆ ಆಯುಧದತ್ತ ಹೋಗುತ್ತದೆ. ಹತೋಟಿ ತಪ್ಪುವುದು ಅಲ್ಲಿಯೇ.

ಎರಡು ಪದರ ಚರ್ಮ ಸೇರಿಸಿ ಹೊಲಿದ, ಸುಮಾರು ಒಂದೂವರೆ ಇಂಚು ಅಗಲದ, ಸುಲಭವಾಗಿ ತಿರುಚದ ಬೆಲ್ಟ್ ಸೂಕ್ತ. ಹೋಲ್‌ಸ್ಟರಿನ ಕುಣಿಕೆಯಲ್ಲಿ ಅದು ಸಡಿಲವಿಲ್ಲದೆ ಕೂರಬೇಕು. ಗುಂಡು ತೆಗೆದ ಆಯುಧವನ್ನಿಟ್ಟು ಕೂತು, ಬಗ್ಗಿ, ನಡೆದು ನೋಡಿಯೇ ಆಯ್ದುಕೊಳ್ಳಬೇಕು.

ಲಕ್ಷ ರೂಪಾಯಿ ಮೀರಿದ ಆಯುಧ ಕೊಂಡವರು ಬೆಲ್ಟಿನಲ್ಲಿ ಉಳಿತಾಯ ನೋಡುವುದು ಜಾಣತನವಲ್ಲ. ಪರವಾನಗಿದಾರರ ಸುರಕ್ಷತಾ ತರಬೇತಿಯಲ್ಲಿ ಬೆಲ್ಟಿಗೂ ಒಂದು ಪಾಠವಿರಲಿ.