ಮರಳಿದ್ದಲ್ಲ, ಕೊಂಡದ್ದು

ಮುಲುಂಡಿನಲ್ಲೋ ಪಿಂಪ್ರಿಯಲ್ಲೋ ಇದ್ದ ಎರಡು ಬೆಡ್‌ರೂಮಿನ ಫ್ಲ್ಯಾಟು ಮಾರಿ, ಸಾಗರದ ಕಡೆಯೋ ಶಿರಸಿಯ ಕಡೆಯೋ ಮೂರು ಎಕರೆ ಕೊಂಡು, ಮಕ್ಕಳೊಂದಿಗೆ ಹೋಗಿ ನೆಲೆಸುವ ಕುಟುಂಬಗಳ ಸುದ್ದಿ ಹೊರನಾಡಿನ ಕನ್ನಡಿಗರಿಗೆ ಈಗ ಹೊಸದಲ್ಲ. ಹಾಗೆ ಹೋದವರ ಬಗ್ಗೆ ಉಳಿದವರು ಮೆಚ್ಚಿಕೊಂಡು, ತುಸು ಹೊಟ್ಟೆಕಿಚ್ಚಿನಿಂದ ಆಡುವ ಮಾತು ಒಂದೇ: ‘ಮಣ್ಣಿಗೆ ಮರಳಿದರು.’ ತಪ್ಪಿರುವುದು ಈ ಮಾತಿನಲ್ಲೇ. ಮರಳಬೇಕಾದರೆ ಅಲ್ಲಿಂದ ಹೊರಟಿರಬೇಕು. ಇವರಲ್ಲಿ ಅನೇಕರ ಅಜ್ಜನ ಊರು ವಿಜಯಪುರವೋ ಉಡುಪಿಯೋ ಆಗಿರುತ್ತದೆ. ಜಮೀನು ಮಾತ್ರ ಇನ್ನೆಲ್ಲೋ ಇರುತ್ತದೆ. ಅವರು ಮಾಡಿದ್ದು ಖರೀದಿ. ಖರೀದಿಗೆ ‘ಮರಳುವಿಕೆ’ ಎಂದು ಹೆಸರಿಟ್ಟ ಕೂಡಲೇ ಆ ವ್ಯವಹಾರದ ಇನ್ನೊಂದು ಬದಿಯಲ್ಲಿರುವವರು ಕಣ್ಮರೆಯಾಗುತ್ತಾರೆ.

ಆ ಪದಕ್ಕೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಬಲವೂ ಸೇರಿಕೊಂಡಿದೆ. ಹೆಸರನ್ನು ಎರವಲು ತರುವವರು ಕಾದಂಬರಿಯನ್ನೂ ನೆನೆಯಬೇಕು. ಅಲ್ಲಿ ರಾಮ ಮದರಾಸು, ಮುಂಬಯಿ ಕಂಡು ಹಿಂತಿರುಗುವುದು ತಾಯಿ ಇರುವ ಊರಿಗೆ, ಅಪ್ಪ ಆಸ್ತಿ ಕಳೆದ ಊರಿಗೆ. ಆ ಮನೆತನವನ್ನು ಹೊತ್ತು ಸವೆದವರು ಪಾರೋತಿ, ಸರಸೋತಿ, ನಾಗವೇಣಿ. ಮಣ್ಣು ಅಲ್ಲಿ ನೆಮ್ಮದಿಯ ಹೆಸರಲ್ಲ, ದುಡಿಮೆಯ ಹೆಸರು.

ಇನ್ನು ಕಾನೂನು. ಮಹಾರಾಷ್ಟ್ರದಲ್ಲಿ ರೈತನಲ್ಲದವನು ಸಾಮಾನ್ಯವಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಸಾತ್‌ಬಾರಾದಲ್ಲಿ ಮೊದಲೇ ಹೆಸರಿರಬೇಕು. ಕರ್ನಾಟಕದಲ್ಲೂ ಅಂಥ ತಡೆ ಇತ್ತು. 1961ರ ಭೂಸುಧಾರಣೆ ಕಾಯ್ದೆಯ 79ಎ ಕಲಂ, ಬೇರೆ ಮೂಲದ ಆದಾಯ ಮಿತಿ ಮೀರಿದವರು ಹೊಲ ಕೊಳ್ಳದಂತೆ ತಡೆದಿತ್ತು. 79ಬಿ, ಸ್ವತಃ ಸಾಗುವಳಿ ಮಾಡದವರು ಜಮೀನು ಹೊಂದದಂತೆ ತಡೆದಿತ್ತು. 2020ರ ತಿದ್ದುಪಡಿಯಲ್ಲಿ ಎರಡೂ ರದ್ದಾದವು. ಅದೇ ಕಾಯ್ದೆಯ ಇನ್ನೊಂದು ನಿಷೇಧ ಮಾತ್ರ ಉಳಿದುಕೊಂಡಿದೆ: ಸೈನಿಕರಂಥ ಕೆಲವರ ಹೊರತು ಯಾರೂ ಹೊಲವನ್ನು ಗೇಣಿಗೆ ಕೊಡುವಂತಿಲ್ಲ. 1974ರ ತಿದ್ದುಪಡಿ ಗೇಣಿಯನ್ನೇ ಕೊನೆಗಾಣಿಸಲು ಹೊರಟಿತ್ತು. ಅದರ ಹಿಂದೆ 1951ರ ಕಾಗೋಡು ಸತ್ಯಾಗ್ರಹವಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಿತ್ತು. ಆ ಕಾಗೋಡು ಇರುವುದೂ ಇದೇ ಸಾಗರದ ಸೀಮೆಯಲ್ಲಿ.

ಎರಡನ್ನೂ ಸೇರಿಸಿ ಓದಿದರೆ ಇಂದಿನ ಚಿತ್ರ ಸ್ಪಷ್ಟವಾಗುತ್ತದೆ. ಫ್ಲ್ಯಾಟು ಮಾರಿದವನು ಹೊಲದ ಒಡೆಯನಾಗಬಹುದು. ಉಳಲು ಬಲ್ಲ, ಆದರೆ ಹಣವಿಲ್ಲದ ಪಕ್ಕದ ಕೇರಿಯವನು ಅದೇ ಹೊಲವನ್ನು ಕಾಗದಪತ್ರದ ಮೇಲೆ ಬಾಡಿಗೆಗೂ ಪಡೆಯುವಂತಿಲ್ಲ. ಬಾಯಿಮಾತಿನ ಗುತ್ತಿಗೆಯಲ್ಲಿ ಮಾಡಿದರೆ ಪಹಣಿಯಲ್ಲಿ ಅವನ ಹೆಸರಿರುವುದಿಲ್ಲ. ಬೆಳೆಸಾಲ, ಬೆಳೆಹಾನಿಯ ಪರಿಹಾರ ಕೇಳಲು ಅವನ ಕೈಯಲ್ಲಿ ದಾಖಲೆ ಇಲ್ಲ.

ಅಂತರ ಎಷ್ಟೆಂದು ಲೆಕ್ಕ ಹಾಕಬಹುದು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಒಂದು ಕೋಟಿ ರೂಪಾಯಿ ಎಂದರೆ ಅಂಥ 27,000 ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದು, ಒಂದು ಪೈಸೆ ತಿನ್ನದೆ ಕೂಡಿಟ್ಟರೂ 90 ವರ್ಷ. ತೋಟದ ಕೂಲಿ ಇದರ ದುಪ್ಪಟ್ಟು ಎಂದುಕೊಂಡರೂ 45 ವರ್ಷ. ಮುಂಬಯಿಯಲ್ಲಿ ಒಂದು ಕೋಟಿ ಸಾಧಾರಣ ಫ್ಲ್ಯಾಟಿನ ಬೆಲೆ.

‘ಮಾರುವವನೂ ರೈತನೇ, ಅವನಿಗೆ ಒಳ್ಳೆಯ ಬೆಲೆ ಸಿಕ್ಕರೆ ಯಾರಿಗೇನು ನಷ್ಟ? ಹಳ್ಳಿಗಳು ಹೇಗೂ ಖಾಲಿಯಾಗುತ್ತಿವೆ’ ಎಂಬ ಉತ್ತರ ಬರುತ್ತದೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಸಾಲದಲ್ಲಿರುವ ರೈತನಿಗೆ ಮಾರುವ ಹಕ್ಕಿದೆ, ಆ ಹಣ ಅವನಿಗೆ ಬೇಕು. ಆದರೆ ಮಾರಿದವನಿಗೆ ಬೆಲೆ ಸಿಗುವುದು ಒಮ್ಮೆ. ಏರಿದ ಬೆಲೆ ಊರಲ್ಲೇ ಉಳಿಯುತ್ತದೆ. ಪಕ್ಕದ ಅರ್ಧ ಎಕರೆ ಸೇರಿಸಿಕೊಂಡು ಸಂಸಾರ ನಿಭಾಯಿಸೋಣ ಎಂದಿದ್ದ ಹುಡುಗ ಇನ್ನು ಮುಲುಂಡಿನ ದರದೊಂದಿಗೆ ಪೈಪೋಟಿ ಮಾಡಬೇಕು. ಮಾಡಲಾಗದೆ ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಹಳ್ಳಿ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ.

‘ಸ್ವಾವಲಂಬನೆ’ ಎಂಬ ಇನ್ನೊಂದು ಪದವನ್ನೂ ಪರೀಕ್ಷಿಸಬೇಕು. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತುವವನು ಫ್ಲ್ಯಾಟು ಮಾರಿ ಬಂದವನಲ್ಲ. ಕೊನೆ ಇಳಿಸಲು, ಅಡಿಕೆ ಸುಲಿಯಲು, ಗೊಬ್ಬರ ಹೊರಲು ಬೇರೆಯವರ ಮೈ ಬೇಕು. ಬೋರ್‌ವೆಲ್ ಸ್ವಂತದ್ದಾದರೂ ಕೆಳಗಿನ ನೀರು ಬೇಲಿಯ ಗುರುತು ನೋಡಿ ನಿಲ್ಲುವುದಿಲ್ಲ. ಹೊಸ ಒಡೆಯರು ಬಂದೊಡನೆ ಹಾಕಿಸುವ ತಂತಿಬೇಲಿಯಾದರೋ ಎಷ್ಟೋ ಸಲ ಮಕ್ಕಳು ಶಾಲೆಗೆ ಹೋಗುತ್ತಿದ್ದ, ದನ ಹಳ್ಳಕ್ಕಿಳಿಯುತ್ತಿದ್ದ ಕಾಲುದಾರಿಯನ್ನೇ ಮುಚ್ಚುತ್ತದೆ. ಇಪ್ಪತ್ತು ವರ್ಷ ನಿರಾತಂಕವಾಗಿ ಬಳಸಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯಡಿ ಹಕ್ಕು ಕೇಳಬಹುದು ನಿಜ. ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವವರು ಯಾರು?

ಹೋಗುವ ಕುಟುಂಬಕ್ಕೂ ಇದು ನಿರಪಾಯವಲ್ಲ. ವಾಸದ ಮನೆ ಮಾರಿದ ದೀರ್ಘಾವಧಿ ಲಾಭಕ್ಕೆ ತೆರಿಗೆ ವಿನಾಯಿತಿ ಸಿಗುವುದು ಮುಖ್ಯವಾಗಿ ಇನ್ನೊಂದು ವಾಸದ ಮನೆ ಕೊಂಡರೆ, ಕಟ್ಟಿಸಿದರೆ. ಹೊಲಕ್ಕೆ ಹಾಕಿದ ಹಣಕ್ಕೆ ಅದು ಸಿಗುವುದಿಲ್ಲ. ಕನಸು ಗಂಡನದು, ಹೊಗೆಯ ಒಲೆ ಹೆಂಡತಿಯದು ಎಂಬಂತಾಗುವ ಮನೆಗಳಲ್ಲಿ ಫ್ಲ್ಯಾಟಿನೊಂದಿಗೆ ಅವಳ ಕೆಲಸ, ಅವಳ ಗೆಳತಿಯರು, ಅವಳ ಹೆಸರಿನಲ್ಲಿದ್ದ ಪಾಲು ಎಲ್ಲವೂ ಮಾರಾಟವಾಗಿರುತ್ತವೆ.

ಹಾಗಾದರೆ ಯಾರೂ ಹೋಗಬಾರದೇ? ಹೋಗಲಿ, ಕೊಳ್ಳುವವರಾಗಿ, ಕೊಳ್ಳುವವರ ಹೊಣೆ ಹೊತ್ತು ಹೋಗಲಿ. ಹೊಲ ಗೇಣಿಗೆ ಸಿಗದಿದ್ದರೂ ಮನೆ ಬಾಡಿಗೆಗೆ ಸಿಗುತ್ತದೆ. ಫ್ಲ್ಯಾಟು ಮಾರುವ ಮೊದಲು ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಆ ಊರಲ್ಲಿ ಕಳೆಯಲಿ. ಗ್ರಾಮನಕ್ಷೆಯಲ್ಲಿರುವ ಬಂಡಿದಾರಿಯನ್ನೂ ನಕ್ಷೆಯಲ್ಲಿಲ್ಲದ ಕಾಲುದಾರಿಯನ್ನೂ ನಡೆದು ನೋಡಿ, ಬೇಲಿಯಲ್ಲಿ ದಣಪೆ ಬಿಡಲಿ. ಪಹಣಿಯಲ್ಲಿ ಗಂಡಹೆಂಡಿರಿಬ್ಬರ ಹೆಸರೂ ಇರಲಿ. ಗ್ರಾಮಸಭೆಗೆ ಹೋಗಿ ಕೂರಲಿ, ಮಕ್ಕಳನ್ನು ಊರ ಸರ್ಕಾರಿ ಶಾಲೆಗೆ ಕಳಿಸಲಿ.

ಎಲ್ಲಕ್ಕಿಂತ ದೊಡ್ಡ ಹೊಣೆ ಇನ್ನೊಂದಿದೆ. 2020ರಲ್ಲಿ ತೆರೆದ ಬಾಗಿಲಿನಿಂದ ಒಳಗೆ ಹೋದವರು, ಭೂಮಿಯಿಲ್ಲದವರಿಗೂ ಒಂದು ಬಾಗಿಲು ತೆರೆಯಬೇಕೆಂದು ದನಿ ಎತ್ತಬೇಕು. ಪಾಳು ಬಿದ್ದ ಗದ್ದೆಯನ್ನು ಭೂಹೀನರೂ ಮಹಿಳಾ ಸಂಘಗಳೂ ನಿಗದಿತ ಅವಧಿಗೆ, ನ್ಯಾಯವಾದ ಬಾಡಿಗೆಗೆ, ದಾಖಲೆಯೊಂದಿಗೆ ಉಳುವಂತೆ ಕಾಯ್ದೆ ಬದಲಾಗಬೇಕು. ಓದುಬರಹ, ಹಣ, ಪರಿಚಯ ಮೂರೂ ಇರುವ ಈ ಹೊಸ ಒಡೆಯರು ಅದನ್ನು ಕೇಳದಿದ್ದರೆ, ಕಾಗೋಡಿನ ಗೇಣಿದಾರರು ಹೋರಾಡಿ ಪಡೆದ ನೆಲದಲ್ಲಿ ಮತ್ತೆ ಒಡೆಯರೂ ಕೂಲಿಗಳೂ ಮಾತ್ರ ಉಳಿಯುತ್ತಾರೆ. ಈ ಸಲ ಒಡೆಯರ ಮನೆಗೆ ಸೋಲಾರ್ ಇರುತ್ತದೆ, ಅಷ್ಟೇ.